ಊರು ಇಟ್ಟ ಹೆಸರು

ಅಲ್ ಸದ್ದ್, ದೋಹಾ
18 ಅಕ್ಟೋಬರ್ 2024

ಪ್ರೀತಿಯ ರೆನಿಟಾ,

ವಾಟ್ಸಾಪಿನಲ್ಲಿ "ಹೇಗಿದ್ದೀ" ಎಂದು ನೀನು ಕೇಳುವುದು, ನಾನು ಹೆಬ್ಬೆರಳಿನ ಚಿತ್ರ ಕಳಿಸುವುದು, ಇದರಲ್ಲಿ ಯಾರ ಸುದ್ದಿಯೂ ಯಾರಿಗೂ ತಲುಪುವುದಿಲ್ಲ. ವಿಟ್ಲದ ಶಾಲೆಯಲ್ಲಿದ್ದಾಗ ದೊಡ್ಡ ರಜೆಯಲ್ಲಿ ಇನ್‌ಲ್ಯಾಂಡ್ ಪತ್ರ ಬರೆಯುತ್ತಿದ್ದೆವಲ್ಲ, ಹಾಗೆ ಈಮೇಲಿನಲ್ಲೇ ಉದ್ದಕ್ಕೆ ಬರೆಯುವ. ನಿನ್ನ ಮನೆಯ ಕೊಂಕಣಿ ನನಗೆ ಬರೆಯಲು ಬಾರದು, ನನ್ನ ಬ್ಯಾರಿ ನಿನಗೆ ಬಾರದು. ನಾವು ಕಲಿತ ಕನ್ನಡ ಇದಕ್ಕಾದರೂ ಆಗಲಿ.

ಉಪ್ಪ ಬಂದಿದ್ದಾರೆ. ಉಮ್ಮ ತೀರಿಹೋದ ಮೇಲೆ ನನ್ನ ತಮ್ಮ ಇರ್ಷಾದನ ಮನೆಯಲ್ಲೇ ಇದ್ದರು. ಈ ಚಳಿಗಾಲ ನನ್ನ ಜೊತೆ ಇರಲಿ ಎಂದು ವಿಸಿಟ್ ವೀಸಾ ಮಾಡಿಸಿದೆ. ಸರ್ಫರಾಝ್ ಬೆಳಿಗ್ಗೆ ಬೆಳಕು ಹರಿಯುವ ಮೊದಲೇ ಮೆಸಯೀದಿನ ಕಂಪನಿ ಬಸ್ಸು ಹತ್ತುತ್ತಾರೆ, ನಾನು ಆಫೀಸಿಗೆ, ಜುಮಾನಾ ಶಾಲೆಗೆ. ಉಪ್ಪನಿಗೆ ಫ್ಲಾಟಿನಲ್ಲಿ ಕುಳಿತು ಬೇಸರ. ಕಳೆದ ಶುಕ್ರವಾರ ಜುಮಾನಾಳ ಯೂನಿಫಾರ್ಮ್ ಬಿಚ್ಚಿ ಹೊಲಿಸಬೇಕಿತ್ತು, ಉಪ್ಪನನ್ನೂ ಕರೆದುಕೊಂಡು ನಜ್ಮಾದ ಪೇಟೆಬೀದಿಗೆ ಹೋದೆ. ಅಲ್ಲಿ ಮೊಯ್ದಿನ್ ಕುಂಞಿ ಎಂಬ ಟೈಲರ್ ಇದ್ದಾರೆ, ನಮ್ಮ ಊರಿನ ಕಡೆಯವರೇ, ಉಪ್ಪನ ವಯಸ್ಸಿನವರು. ಉಪ್ಪನನ್ನು ಕಂಡವರೇ ಮೆಷಿನ್ ನಿಲ್ಲಿಸಿ, ಬೀದಿಗೆಲ್ಲ ಕೇಳುವಂತೆ, "ಓ ನರಿ, ನೀನು ಯಾವಾಗ ಬಂದದ್ದು ಮಾರಾಯ?" ಎಂದು ಕೂಗಿದರು. ಉಪ್ಪ ನಕ್ಕರು. ಜುಮಾನಾ "ಉಮ್ಮಾ, ವಾಟ್ ಈಸ್ ನರಿ?" ಎಂದು ಕೇಳಿದಳು. ನಾನು ಬ್ಯಾಗಿನಲ್ಲಿ ಕಾರಿನ ಕೀ ಹುಡುಕತೊಡಗಿದೆ. ಕೀ ಕೈಯಲ್ಲೇ ಇತ್ತು.

ಅದಿರಲಿ. ನಮ್ಮ ಆಫೀಸಿನ ರೊಸಿಯೊ ನಿನ್ನನ್ನು ಕೇಳಿದಳು. ನಿನ್ನನ್ನು ಎನ್ನುವುದಕ್ಕಿಂತ, ತನ್ನ ಅಪ್ಪನನ್ನು. ನಾನು ಅವಳ ಡ್ರಾಯಿಂಗುಗಳ ಫೈಲು ಹಿಡಿದು ಹೋದರೆ ಎಂಜಿನಿಯರ್‌ಗಳೆಲ್ಲ ಇರುವಾಗ ಕೆಲಸದ ಮಾತು ಮಾತ್ರ. ಕಾಫಿ ಮೆಷಿನ್ನಿನ ಹತ್ತಿರ ಒಬ್ಬಳೇ ಸಿಕ್ಕಾಗ, "ನಿನ್ನ ಗೆಳತಿ ಏನಾದರೂ ಬರೆದಳಾ?" ಎನ್ನುತ್ತಾಳೆ. ತನ್ನ ಊರಿನ ವೃದ್ಧಾಶ್ರಮಕ್ಕೆ ಜನ ಬೇಕು ಎಂದು ಅವಳು ಹೇಳಿದ್ದರಿಂದಲೇ ಅಲ್ಲವಾ ನಿನಗೆ ಆ ಕೆಲಸ ಸಿಕ್ಕಿದ್ದು. ಹಾಗಿರುವಾಗ ತಾನೇ ಯಾಕೆ ಅಪ್ಪನಿಗೆ ಫೋನ್ ಮಾಡುವುದಿಲ್ಲವೋ ಗೊತ್ತಿಲ್ಲ. ಆ ಮುದುಕರ ಬಗ್ಗೆ ಸ್ವಲ್ಪ ವಿವರವಾಗಿ ಬರೆ. ಅವಳಿಗೆ ಹೇಳಲು ನನಗೆ ಏನಾದರೂ ಬೇಕು.

ನಿನ್ನ,
ರೈಹಾನಾ


ವಾಲ್ದೆಹಾರಾ, ಸ್ಪೇನ್
29 ಅಕ್ಟೋಬರ್ 2024

ಪ್ರೀತಿಯ ನರಿ,

ನಿನ್ನ ಪತ್ರ ಓದಿ ನಕ್ಕೆ, ಹಾಗೆ ನಕ್ಕು ಎಷ್ಟು ಕಾಲವಾಯಿತೋ. ನಜ್ಮಾದ ಬೀದಿಯಲ್ಲೂ ನಿಮ್ಮನ್ನು ಆ ಹೆಸರು ಬಿಡಲಿಲ್ಲವಲ್ಲ ಮಾರಾಯ್ತಿ. ನಮ್ಮ ಕ್ಲಾಸಿನಲ್ಲಿ ಮೂವರು ರೈಹಾನಾ ಇದ್ದರು, ಹಾಜರಿ ಕರೆಯುವಾಗ ಹಿಂದಿನ ಬೆಂಚಿನಿಂದ ನಾನು "ಯಾವ ರೈಹಾನಾ ಸರ್, ನರಿಯಾ?" ಎನ್ನುತ್ತಿದ್ದದ್ದು ನೆನಪಾಯಿತು.

ಇಲ್ಲಿಯೂ ಅದೇ ಕಥೆ. ಇದು ಬೆಟ್ಟದ ಬುಡದ ಚಿಕ್ಕ ಊರು. ಅರ್ಧ ಊರು ಮಾರ್ತಿನ್, ಇನ್ನರ್ಧ ಸಾಂಚೆಸ್. ಅಪ್ಪನ ಕಡೆಯದ್ದೊಂದು, ಅಮ್ಮನ ಕಡೆಯದ್ದೊಂದು, ಎರಡು ಮನೆತನದ ಹೆಸರು ಹಾಕಿದರೂ ಗುರುತು ಸಿಗುವುದಿಲ್ಲ. ಆದ್ದರಿಂದ ಪ್ರತಿ ಮನೆಗೂ ಒಂದು ಅಡ್ಡಹೆಸರು. ಅದಕ್ಕೆ ಇವರು 'ಮೊತೆ' ಎನ್ನುತ್ತಾರೆ. ಅಜ್ಜನಿಂದ ಮಗನಿಗೆ, ಮಗನಿಂದ ಮೊಮ್ಮಗಳಿಗೆ, ಮನೆಯ ಹೆಂಚಿನ ಹಾಗೆ ಬರುತ್ತದೆ. ಪಾತಾಲಾರ್ಗಾ ಮನೆಯವರು ಅಂದರೆ ಉದ್ದ ಕಾಲಿನವರು. ಈಗ ಇರುವವರೆಲ್ಲ ಗಿಡ್ಡ. ರೂಬಿಯೊ ಅಂದರೆ ಬಂಗಾರಗೂದಲಿನವರು. ಅವರ ಕೂದಲು ನನ್ನದಕ್ಕಿಂತ ಕಪ್ಪು. ಯಾವುದೋ ಕಾಲದ ಮುತ್ತಜ್ಜಿಯೊಬ್ಬಳ ಕೂದಲು ಅದು. ಒಂದು ಮನೆಗೆ ಸಾಕ್ರಿಸ್ತಾನ್, ಇಗರ್ಜಿಯ ಕೆಲಸದವರು ಎಂದು. ಆ ಮನೆಯ ಮುತ್ತಜ್ಜ ಚರ್ಚಿನಲ್ಲಿ ಕೆಲಸ ಮಾಡಿದ್ದು ಇಲ್ಲ, ಅಲ್ಲಿನ ಮೇಣದಬತ್ತಿ ಕದ್ದದ್ದು ಅಷ್ಟೇ ಎನ್ನುತ್ತಾರೆ. ನಮ್ಮ ಫಿಸಿಯೊಥೆರಪಿ ಹುಡುಗಿ ಗಾಲಿಸಿಯಾ ಕಡೆಯವಳು. ಅಲ್ಲಿ ಇದಕ್ಕೆ 'ಆಲ್ಕುಮೆ' ಎನ್ನುವುದಂತೆ. ವಲೆನ್ಸಿಯಾದಲ್ಲಿ 'ಮಾಲ್ನೊಮ್', ಅಂದರೆ ಕೆಟ್ಟ ಹೆಸರು. ಒಂದು ಊರಲ್ಲಿ ಹೊಗಳಿಕೆ, ಪಕ್ಕದ ಊರಲ್ಲಿ ಅದೇ ಶಬ್ದ ಜಗಳಕ್ಕೆ ಕಾರಣ ಎಂದಳು.

ರೊಸಿಯೊಳ ಅಪ್ಪ ಎಲಾದಿಯೊ ಚೆನ್ನಾಗಿದ್ದಾರೆ. ತಲೆ ಬಹಳ ಚುರುಕು, ಕಾಲು ಮಾತ್ರ ಸೋತಿದೆ. ಊಟವಾದ ಮೇಲೆ ಅಂಗಳದಲ್ಲಿ ಬಿಸಿಲಿಗೆ ಕುಳಿತು ಹೋಗಿ ಬರುವವರನ್ನೆಲ್ಲ ಮಾತಾಡಿಸುತ್ತಾರೆ. ಅವರ ಮನೆಗೆ ಚಿವಾತೊ ಎಂದು ಹೆಸರು. ಇನ್ನೂ ವರ್ಷ ತುಂಬದ ಹೋತದ ಮರಿಗೆ ಇಲ್ಲಿ ಹಾಗೆನ್ನುತ್ತಾರೆ, ಹಿಂದೆ ಅವರಿಗೆ ಆಡುಗಳಿದ್ದವು. ಬ್ರೆಡ್ಡಿನ ವ್ಯಾನಿನವನು "ಚಿವಾತೊ, ಇವತ್ತು ಹೇಗೆ?" ಎಂದು ಕೂಗುತ್ತಾನೆ, ಅವರು ಕೋಲು ಎತ್ತಿ ನಗುತ್ತಾರೆ. ನಾನೂ ಹಾಗೆಯೇ ಕರೆಯುತ್ತೇನೆ. "ಚಿವಾತೊ, ಮಾತ್ರೆ" ಎಂದರೆ ಮಾತ್ರ ಬಾಯಿ ತೆರೆಯುವುದು. ಇದನ್ನು ಅವಳಿಗೆ ಹೇಳು, ಖುಷಿಪಡುತ್ತಾಳೆ.

ನಿನ್ನ ಉಪ್ಪನಿಗೆ ನನ್ನ ನಮಸ್ಕಾರ.

ರೆನಿಟಾ


ಅಲ್ ಸದ್ದ್, ದೋಹಾ
10 ನವೆಂಬರ್ 2024

ಪ್ರೀತಿಯ ರೆನಿಟಾ,

ಗಡಿಬಿಡಿಯಲ್ಲಿ ಬರೆಯುತ್ತಿದ್ದೇನೆ. ಈ ವಾರ ಮೆಸಯೀದಿನ ಪ್ಲಾಂಟಿಗೆ ಡ್ರಾಯಿಂಗುಗಳೆಲ್ಲ ಹೋಗಬೇಕು, ಎಲ್ಲರೂ "ಯಲ್ಲಾ ಯಲ್ಲಾ" ಎಂದು ತಲೆಯ ಮೇಲೆ ನಿಂತಿದ್ದಾರೆ.

ರೊಸಿಯೊಗೆ ಇವತ್ತು ಎಲ್ಲ ಹೇಳಿದೆ. ಅಂಗಳದ ಬಿಸಿಲು, ಬ್ರೆಡ್ಡಿನ ವ್ಯಾನು, ಮಾತ್ರೆ. "ನಿನ್ನ ಅಪ್ಪನನ್ನು ಎಲ್ಲರೂ ಪ್ರೀತಿಯಿಂದ ಚಿವಾತೊ ಎಂದು ಕರೆಯುತ್ತಾರಂತೆ, ನನ್ನ ಗೆಳತಿಯೂ ಹಾಗೇ ಕರೆಯುವುದಂತೆ" ಎಂದೆ. ಅವಳು ಕಪ್ಪು ಕೆಳಗಿಟ್ಟಳು. "ನಿನ್ನ ಗೆಳತಿಯೂ?" ಎಂದು ಕೇಳಿದಳು. ಹೌದು ಎಂದೆ. ಆಮೇಲೆ ಕಪ್ಪನ್ನು ಅಲ್ಲೇ ಬಿಟ್ಟು ತನ್ನ ಸೀಟಿಗೆ ಹೋದಳು. ಅಪ್ಪನ ನೆನಪಾಗಿ ಕಣ್ಣು ತುಂಬಿರಬೇಕು. ನಾನು ಹಿಂದೆ ಹೋಗಲಿಲ್ಲ.

ಉಪ್ಪ ದಿನಾ ನಜ್ಮಾ ನಜ್ಮಾ ಎನ್ನುತ್ತಾರೆ. ಬಸ್ಸು ಹತ್ತಿ ಒಬ್ಬರೇ ಹೋಗಲು ಕಲಿತಿದ್ದಾರೆ. ನನಗೆ ಅದು ಯಾಕೋ ಇಷ್ಟವಾಗುತ್ತಿಲ್ಲ.

ರೈಹಾನಾ


ವಾಲ್ದೆಹಾರಾ
24 ನವೆಂಬರ್ 2024

ರೈಹಾನಾ,

ನೀನು ಅವಳಿಗೆ ಹೇಳಿದ್ದಾದರೂ ಏನು?

ಮೊನ್ನೆ ಡೈರೆಕ್ಟರ್ ನನ್ನನ್ನು ಒಳಗೆ ಕರೆದರು. ದೋಹಾದಿಂದ ದೂರು ಬಂದಿದೆಯಂತೆ. ನಿಮ್ಮ ಸಿಬ್ಬಂದಿ ನನ್ನ ತಂದೆಯನ್ನು ಹೀನಾಯವಾಗಿ ಕರೆಯುತ್ತಾರೆ, ಅವರಲ್ಲಿ ಹೊರಗಿನಿಂದ ಬಂದ ಒಬ್ಬಳೂ ಇದ್ದಾಳೆ ಎಂದು. ಹೊರಗಿನಿಂದ ಬಂದವಳು ಇಲ್ಲಿ ನಾನೊಬ್ಬಳೇ. ಇನ್ನು ಮುಂದೆ 'ದೊನ್ ಎಲಾದಿಯೊ' ಎಂದೇ ಕರೆಯಬೇಕು, ಅಂದರೆ ಎಲಾದಿಯೊ ಸಾಹೇಬರು.

ಹಾಗೆ ಕರೆದೆ. ಅವರು ತಿರುಗಿ ತಮ್ಮ ಹಿಂದೆ ಯಾರು ನಿಂತಿದ್ದಾರೆಂದು ನೋಡಿದರು. ಎರಡನೆಯ ಸಲ ಕರೆದಾಗ ನನ್ನ ಮುಖವನ್ನೇ ನೋಡಿದರು. ನನಗೆ ಅವರ ಮೇಲೆ ಏನೋ ಸಿಟ್ಟು ಬಂದಿದೆ ಎಂದು ತಿಳಿದುಕೊಂಡಿದ್ದಾರೆ. ಅಂಗಳಕ್ಕೆ ಬರುವುದನ್ನು ಬಿಟ್ಟಿದ್ದಾರೆ. ಊಟದ ತಟ್ಟೆ ಹಾಗೇ ವಾಪಸ್ಸು ಬರುತ್ತದೆ.

ಆ ಶಬ್ದಕ್ಕೆ ಪಟ್ಟಣಗಳಲ್ಲಿ ಬೇರೆ ಅರ್ಥ ಇದೆಯಂತೆ. ಗುಟ್ಟು ಹೇಳಿಕೊಟ್ಟು ಜನರನ್ನು ಹಿಡಿಸುವವನು, ಚಾಡಿಕೋರ ಎಂದು. ನನಗೆ ಹೇಗೆ ಗೊತ್ತಾಗಬೇಕು? ನಾನು ಸ್ಪ್ಯಾನಿಷ್ ಕಲಿತದ್ದು ಈ ಮುದುಕರ ಬಾಯಿಂದ.

ನಾನು ನಿನಗೆ ಬರೆದದ್ದು ನಿನಗೆ. ಅದನ್ನು ಇದ್ದ ಹಾಗೆ ಎತ್ತಿ ಅವಳ ಮುಂದೆ ಇಡಬೇಕಿತ್ತಾ?

ರೆನಿಟಾ


ಅಲ್ ಸದ್ದ್, ದೋಹಾ
26 ನವೆಂಬರ್ 2024

ರೆನಿಟಾ,

"ಇದನ್ನು ಅವಳಿಗೆ ಹೇಳು" ಎಂದು ಬರೆದವಳು ನೀನು. ನಿನ್ನ ಪತ್ರ ತೆಗೆದು ನೋಡು.

ಆದರೂ ನಿನ್ನ ಪತ್ರ ಸಿಕ್ಕಿದ ದಿನವೇ ರೊಸಿಯೊಳನ್ನು ಮೀಟಿಂಗ್ ರೂಮಿಗೆ ಕರೆದು ಬಾಗಿಲು ಹಾಕಿದೆ. ನನ್ನ ಗೆಳತಿ ಯಾರನ್ನೂ ಹೀನಾಯ ಮಾಡುವವಳಲ್ಲ ಎಂದೆ. ಅವಳು ಟೇಬಲ್ಲಿನ ಮೇಲಿನ ಮಾರ್ಕರ್ ಪೆನ್ನು ಉರುಳಿಸುತ್ತಾ ಕುಳಿತಳು. ಆಮೇಲೆ ಹೇಳಿದಳು. ಅವರ ದೇಶದಲ್ಲಿ ದೊಡ್ಡ ಅಂತರ್ಯುದ್ಧ ಆಗಿತ್ತಲ್ಲ, ಆಗ ಊರಿನ ಮೇಷ್ಟ್ರನ್ನು ಹಿಡಿದುಕೊಂಡು ಹೋಗಿ ಕೊಂದರಂತೆ. ಮೇಷ್ಟ್ರ ಹೆಸರು ಹೇಳಿಕೊಟ್ಟದ್ದು ಇವಳ ಮುತ್ತಜ್ಜ ಎಂದು ಊರು ನಂಬಿತು. ಇವಳು ಚಿಕ್ಕವಳಿದ್ದಾಗ ಬಾವಿಕಟ್ಟೆಯ ಹತ್ತಿರ ಒಬ್ಬಳು ಮುದುಕಿ, ಆ ಮೇಷ್ಟ್ರ ತಂಗಿ, ಇವಳ ಮುಖಕ್ಕೆ ಅದೇ ಹೆಸರು ಹೇಳಿ ಉಗಿದಳಂತೆ. ಅಳುತ್ತಾ ಮನೆಗೆ ಓಡಿದಳು. ಅದೇ ಸಂಜೆ ಬೀದಿಯಲ್ಲಿ ಯಾರೋ ಅಪ್ಪನನ್ನು ಅದೇ ಹೆಸರು ಹಿಡಿದು ಕೂಗಿದರು. ಅಪ್ಪ ನಕ್ಕು ಕೈ ಎತ್ತಿದರು. "ಆ ಮುದುಕಿಯನ್ನು ನಾನು ಕ್ಷಮಿಸಿದ್ದೇನೆ. ಆ ನಗುವನ್ನು ಕ್ಷಮಿಸಲು ಆಗಿಲ್ಲ" ಎಂದಳು ರೊಸಿಯೊ.

ಅವಳು ಹೇಳಿದ್ದು ನನ್ನದೇ ಕಥೆ.

ಯಾಕೆಂದರೆ ರೆನಿಟಾ, ನೀನು ಹಿಂದಿನ ಬೆಂಚಿನಿಂದ "ನರಿಯಾ?" ಎಂದು ಕೇಳಿದಾಗ ಇಡೀ ಕ್ಲಾಸು ನಗುತ್ತಿತ್ತು. ನೀನು ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು ಎಂದು ನನಗೆ ಗೊತ್ತು. ಗೊತ್ತಿದ್ದರೂ ನೋಯುತ್ತಿತ್ತು. ನಮ್ಮ ಅಜ್ಜ ಗೇರುಬೀಜದ ತಕ್ಕಡಿಯಲ್ಲಿ ಮೋಸ ಮಾಡುತ್ತಿದ್ದ, ಅದಕ್ಕೆ ಆ ಹೆಸರು ಬಂತು ಎಂದು ಊರೆಲ್ಲ ಹೇಳುತ್ತಿತ್ತು. ಅಂಗಡಿಯವನು ನಾನು ಕೊಟ್ಟ ಚಿಲ್ಲರೆಯನ್ನು ಇನ್ನೊಮ್ಮೆ ಎಣಿಸುತ್ತಿದ್ದ. ಉಪ್ಪ ಪಕ್ಕದಲ್ಲಿ ನಗುತ್ತಾ ನಿಂತಿರುತ್ತಿದ್ದರು. ಈಗಲೂ ನಜ್ಮಾದಲ್ಲಿ ನಗುತ್ತಾರೆ.

ನನ್ನನ್ನು ಹಾಗೆ ಕರೆಯಬೇಡ. ಇಷ್ಟು ವರ್ಷ ಹೇಳಲಿಲ್ಲ, ಈಗ ಹೇಳುತ್ತಿದ್ದೇನೆ.

ರೈಹಾನಾ


ವಾಲ್ದೆಹಾರಾ
9 ಜನವರಿ 2025

ಪ್ರೀತಿಯ ರೈಹಾನಾ,

ನಿನ್ನ ಪತ್ರಕ್ಕೆ ಉತ್ತರ ಬರೆಯಲು ಕುಳಿತು ಕುಳಿತು ಎದ್ದೆ. ಕ್ರಿಸ್ಮಸ್ ಕಳೆಯಿತು, ಹೊಸ ವರ್ಷ ಕಳೆಯಿತು. ನೀನು ಕಳಿಸಿದ ಶುಭಾಶಯಕ್ಕೂ ಉತ್ತರ ಕೊಡಲಿಲ್ಲ. ಸಿಟ್ಟಲ್ಲ. ನೀನು ಬರೆದದ್ದು ಸರಿಯಾಗಿತ್ತು, ಅದಕ್ಕೆ ಏನು ಬರೆಯುವುದೆಂದು ತಿಳಿಯಲಿಲ್ಲ. ಇನ್ನು ಕರೆಯುವುದಿಲ್ಲ.

ಒಂದು ವಿಷಯ ಮುಚ್ಚಿಟ್ಟಿದ್ದೆ. ನನ್ನ ವಾಸದ ಕಾರ್ಡು ಈ ಚಳಿಗಾಲದಲ್ಲಿ ನವೀಕರಣ ಆಗಬೇಕು. ಅದಕ್ಕೆ ಆಶ್ರಮದ ಹೊಸ ಕರಾರು ಬೇಕು. ದೂರು ಬಂದ ಮೇಲೆ ಡೈರೆಕ್ಟರ್ "ನೋಡೋಣ" ಎನ್ನುತ್ತಿದ್ದಾರೆ. ನಿನಗೆ ಹೇಳಿದರೆ ನೀನು ಹೋಗಿ ರೊಸಿಯೊಳ ಕಾಲು ಹಿಡಿಯುತ್ತೀ ಎಂದು ಹೇಳಲಿಲ್ಲ. ಈಗಲೂ ಹಿಡಿಯಬೇಡ.

ಎಲಾದಿಯೊ ತೀರಾ ಸೊರಗಿದ್ದರು. ಕ್ರಿಸ್ಮಸ್ ಆದ ಮರುದಿನ ಅವರ ಗಡ್ಡ ಬೋಳಿಸುವಾಗ ನಿಜ ಹೇಳಿಬಿಟ್ಟೆ. ನಿಮ್ಮ ಮಗಳಿಗೆ ಆ ಹೆಸರು ಬೇಡವಂತೆ, ಅದಕ್ಕೆ ನಾನು ಕರೆಯುತ್ತಿಲ್ಲ ಎಂದೆ. ಅವರು ಸೋಪಿನ ನೊರೆಯ ಮುಖದಲ್ಲೇ ನನ್ನ ಕೈಯ ಬ್ಲೇಡನ್ನು ಪಕ್ಕಕ್ಕೆ ಸರಿಸಿದರು. ಆಮೇಲೆ ಮಾತಾಡಿದರು. ನನಗೆ ಅರ್ಥವಾದಷ್ಟು ಬರೆಯುತ್ತೇನೆ.

"ಆಡುಗಳಿದ್ದದ್ದು ನಿಜ. ನನ್ನ ಅಜ್ಜನಿಗಿಂತ ಮೊದಲೇ ಆ ಹೆಸರು ಇತ್ತು. ಯುದ್ಧ ಶುರುವಾದ ವರ್ಷ ಅಜ್ಜನನ್ನೂ ಮೇಷ್ಟ್ರನ್ನೂ ಹಿಡಿದುಕೊಂಡು ಹೋದರು. ಮಾರನೆಯ ದಿನ ಅಜ್ಜ ಮನೆಗೆ ಬಂದ, ಮೇಷ್ಟ್ರು ಬರಲಿಲ್ಲ. ಅಲ್ಲಿ ಅಜ್ಜ ಏನಾದರೂ ಹೇಳಿದನೋ, ಅವರೇ ಬಿಟ್ಟರೋ, ಯಾರಿಗೂ ಗೊತ್ತಿಲ್ಲ. ಅವನು ಸಾಯುವವರೆಗೆ ಬಾಯಿ ಬಿಡಲಿಲ್ಲ. ಊರು ನಮಗೆ ಹೊಸ ಹೆಸರು ಇಡಲಿಲ್ಲ ಮಗಳೆ. ಇದ್ದ ಹೆಸರನ್ನೇ ಬೇರೆ ಥರ ಹೇಳತೊಡಗಿತು."

"ಈಗ ಕರೆಯುವವರು?" ಎಂದು ಕೇಳಿದೆ.

"ಈಗ ಕರೆಯುವವರಿಗೆ ಅದೆಲ್ಲ ಗೊತ್ತಿಲ್ಲ. ಅವರು ನನ್ನನ್ನು ಕರೆಯುತ್ತಾರೆ, ಅಷ್ಟೇ."

ಇದನ್ನು ಅವಳಿಗೆ ಹೇಳಬೇಡ ಎಂದರು. ಅವಳು ಬಂದು ಕೇಳಿದರೆ ತಾನೇ ಹೇಳುತ್ತೇನೆ ಎಂದರು. ಈ ಸಲ ದಯವಿಟ್ಟು ಹೇಳಬೇಡ ರೈಹಾನಾ.

ಅವತ್ತು ಅಂಗಳಕ್ಕೆ ಬಂದರು. ಯಾರೂ ಇಲ್ಲದಾಗ ನಾನು ಅವರನ್ನು ಹಳೆಯ ಹೆಸರಿನಿಂದಲೇ ಕರೆಯುತ್ತೇನೆ. ಡೈರೆಕ್ಟರ್ ಕಿಟಕಿಯ ಕಡೆ ಒಂದು ಕಣ್ಣಿಟ್ಟು.

ರೆನಿಟಾ


ಅಲ್ ಸದ್ದ್, ದೋಹಾ
20 ಜನವರಿ 2025

ಪ್ರೀತಿಯ ರೆನಿಟಾ,

ಹೇಳಲಿಲ್ಲ. ಆದರೆ ಈ ಹೇಳದೆ ಇರುವುದು ಸುಲಭವಲ್ಲ. ರೊಸಿಯೊ ಈಗ ನಾನು ಇದ್ದಲ್ಲಿಗೇ ಬರುತ್ತಾಳೆ. ಪ್ರಿಂಟರಿನ ಹತ್ತಿರ, ಲಿಫ್ಟಿನಲ್ಲಿ. "ನಿನ್ನ ಗೆಳತಿ ಬರೆದಳಾ? ಅವರು ಊಟ ಮಾಡುತ್ತಾರಾ?" ನಾನು ಮಾಡುತ್ತಾರೆ ಎನ್ನುತ್ತೇನೆ. ಇನ್ನೇನೋ ಇದೆ ಎಂದು ನನ್ನ ಮುಖ ನೋಡಿದರೆ ಅವಳಿಗೆ ಗೊತ್ತಾಗುತ್ತದೆ. ಮೊನ್ನೆ ನೇರವಾಗಿ ಕೇಳಿದಳು, "ಅವರು ಅದರ ಬಗ್ಗೆ ಏನಾದರೂ ಮಾತಾಡಿದರಾ?"

"ನೀನೇ ಕೇಳು. ಫೋನ್ ಮಾಡು" ಎಂದೆ. ಸ್ವಲ್ಪ ಗಟ್ಟಿಯಾಗಿಯೇ ಎಂದೆ. ಪಕ್ಕದ ಸೀಟಿನ ಲೈಲಾ ತಲೆ ಎತ್ತಿ ನೋಡಿದಳು.

ಮಾಡಿದಳು. ಗಾಜಿನ ಬಾಗಿಲಿನ ಹೊರಗೆ ನಾನು ನಿಂತಿದ್ದೆ. ಅವಳು ಹೊರಗೆ ಬಂದಾಗ ನನ್ನ ಕಪ್ಪಿನ ಕಾಫಿ ಆರಿರಲಿಲ್ಲ. "ಅಲ್ಲಿ ಚಳಿಯಂತೆ. ಇಲ್ಲಿ ಸೆಖೆಯಾ ಎಂದು ಕೇಳಿದರು. ಮಾತ್ರೆ ತೆಗೆದುಕೊಳ್ಳುತ್ತೀಯಾ ಎಂದು ಕೇಳಿದೆ. ಅಷ್ಟೇ" ಎಂದಳು. ಆ ಮಾತು ಇನ್ನೊಬ್ಬರ ಬಾಯಿಂದಲೇ ಮೊದಲು ಬರಲಿ ಎಂದು ಇಬ್ಬರೂ ಕಾದು ಕುಳಿತು ಫೋನ್ ಇಟ್ಟಿದ್ದಾರೆ.

ನನ್ನ ಮನೆಯಲ್ಲೂ ಸಮಾಧಾನ ಇಲ್ಲ. ಜುಮಾನಾ ಬಿಡಲಿಲ್ಲ, ನರಿ ಅಂದರೆ ಏನು ಎಂದು ಉಪ್ಪನನ್ನೇ ಕೇಳಿದಳು. ಉಪ್ಪ "ಹುಲಿ" ಎಂದರು. ನಮ್ಮ ಮುತ್ತಜ್ಜ ಕಣ್ಣೂರಿನ ಕಡೆಯಿಂದ ಬಂದದ್ದು, ಅಲ್ಲಿ ನರಿ ಎಂದರೆ ಹುಲಿ ಎಂದು ನನ್ನ ಬಾಲ್ಯದಲ್ಲೂ ಹೇಳುತ್ತಿದ್ದರು, ನಾನು ನಂಬಿರಲಿಲ್ಲ. ಆಫೀಸಿನಲ್ಲಿ ಲೈಲಾಳನ್ನು ಕೇಳಿದೆ, ಅವಳು ಆ ಕಡೆಯವಳೇ. "ಹೌದಲ್ಲ, ನಮ್ಮ ಅಜ್ಜಿ ಹುಲಿಗೆ ನರಿ ಎಂದೇ ಹೇಳುವುದು. ಅದಕ್ಕೇನೀಗ?" ಎಂದಳು. ಉಪ್ಪ ಸುಳ್ಳು ಹೇಳಿರಲಿಲ್ಲ. ಖುಷಿಯಾಗಬೇಕಿತ್ತು. ಆಗಲಿಲ್ಲ. ವಿಟ್ಲದಲ್ಲಿ ಯಾರೂ ನಮ್ಮನ್ನು ಹುಲಿ ಎಂದುಕೊಂಡು ಕರೆದದ್ದಲ್ಲವಲ್ಲ.

ನಿನ್ನ ಕರಾರಿನ ಸುದ್ದಿ ಓದಿದಾಗಿನಿಂದ ದಿನಕ್ಕೆ ನಾಲ್ಕು ಸಲ ಈಮೇಲ್ ತೆರೆದು ನೋಡುತ್ತೇನೆ. ಡೈರೆಕ್ಟರ್ ಏನೆಂದರು, ಬರೆ.

ರೈಹಾನಾ


ವಾಲ್ದೆಹಾರಾ
11 ಫೆಬ್ರವರಿ 2025

ಪ್ರೀತಿಯ ರೈಹಾನಾ,

ರೊಸಿಯೊ ಆಫೀಸಿಗೆ ಬರುತ್ತಿಲ್ಲವೆಂದು ನಿನಗೆ ಗೊತ್ತೇ ಇದೆ. ಇಲ್ಲಿ ಆದದ್ದನ್ನು ಬರೆಯುತ್ತೇನೆ.

ಎಲಾದಿಯೊಗೆ ಶೀತ ಎದೆಗೆ ಇಳಿದು ನ್ಯುಮೋನಿಯಾ ಆಯಿತು. ಹತ್ತಿರದ ಪಟ್ಟಣದ ಆಸ್ಪತ್ರೆಗೆ ಸೇರಿಸಿದರು. ರೊಸಿಯೊ ಬಂದಳು. ರಜೆಯ ದಿನ ನಾನು ಹೋದಾಗ ಅವಳು ಮಂಚದ ಪಕ್ಕ ಅವರ ಕೈ ಹಿಡಿದು ಕುಳಿತಿದ್ದಳು. ಮೂಗಿಗೆ ಆಮ್ಲಜನಕದ ನಳಿಕೆ, ಮಾತಾಡಲು ಆಗುತ್ತಿರಲಿಲ್ಲ. ಅವಳು ಕೇಳಬೇಕಾದದ್ದನ್ನು ಕೇಳಲು ತಡವಾಗಿತ್ತು. ನನ್ನ ಕಡೆ ನೋಡಿ ತಲೆಯಾಡಿಸಿದಳು, ಅಷ್ಟೇ. ಎರಡು ದಿನದ ನಂತರ ತೀರಿಕೊಂಡರು.

ಇಲ್ಲಿ ಯಾರಾದರೂ ಸತ್ತರೆ ಒಂದು ಕಾಗದ ಮುದ್ರಿಸಿ ಇಗರ್ಜಿಯ ಬಾಗಿಲಿಗೆ, ಬ್ರೆಡ್ಡಿನ ಅಂಗಡಿಗೆ, ಬಾರಿಗೆ ಅಂಟಿಸುತ್ತಾರೆ. ಹೆಸರಿನ ಕೆಳಗೆ ಅಡ್ಡಹೆಸರೂ ಇರುತ್ತದೆ. ಅಂತ್ಯಕ್ರಿಯೆಯ ಕಚೇರಿಯವನು "ಮೊತೆ ಏನು ಹಾಕಲಿ?" ಎಂದು ಕೇಳಿದ. ಅವಳು "ಏನೂ ಬೇಡ" ಎಂದಳು. ಎಲಾದಿಯೊ ಮಾರ್ತಿನ್ ಮಾರ್ತಿನ್ ಎಂದು ಮಾತ್ರ ಅಚ್ಚಾಯಿತು. ಅದೇ ಹೆಸರಿನ ಇನ್ನಿಬ್ಬರು ಊರಲ್ಲಿದ್ದಾರೆ. ಜನ ಕಾಗದ ನೋಡಿ ಯಾವ ಎಲಾದಿಯೊ ಎಂದು ಕೇಳಿಕೊಂಡು ಹೋದರು. ಯಾರೋ ಆ ಇಬ್ಬರಲ್ಲಿ ಒಬ್ಬನಿಗೆ ಫೋನ್ ಮಾಡಿ, ಅವನೇ ಎತ್ತಿಕೊಂಡದ್ದು ಕೇಳಿ ಸಮಾಧಾನದಿಂದ ಮನೆಗೆ ಹೋದರಂತೆ.

ಪೂಜೆಯ ಹೊತ್ತಿಗೆ ಇಗರ್ಜಿಗೆ ಹೋದೆ. ಮುಂದಿನ ಬೆಂಚಿನಲ್ಲಿ ರೊಸಿಯೊ ಒಬ್ಬಳೇ. ಹಿಂದೆ ನಮ್ಮ ಆಶ್ರಮದ ಕೆಲವರು. ಗಂಟೆ ಹೊಡೆಯುತ್ತಾ ಇತ್ತು. ನನಗೆ ಕುಳಿತುಕೊಳ್ಳಲು ಆಗಲಿಲ್ಲ ರೈಹಾನಾ. ಹೊರಗೆ ಬಂದೆ. ಬ್ರೆಡ್ಡಿನ ಅಂಗಡಿಗೆ ಹೋಗಿ "ಚಿವಾತೊ ತೀರಿಕೊಂಡರು, ಈಗ ಪೂಜೆ" ಎಂದೆ. ಅಂಗಡಿಯವಳು ಕೈಯ ಹಿಟ್ಟು ಒರೆಸಿಕೊಳ್ಳದೆ ಹೊರಗೆ ಬಂದಳು. ಬಾರಿಗೆ ಹೋಗಿ ಹೇಳಿದೆ. ಇಸ್ಪೀಟು ಆಡುತ್ತಿದ್ದವರು ಎಲೆಗಳನ್ನು ಮಗುಚಿಟ್ಟು ಎದ್ದರು. ಆ ಓಣಿ ಈ ಓಣಿ ಎಂದು ಕಂಡಕಂಡವರಿಗೆಲ್ಲ ಹೇಳಿದೆ. ಸಮವಸ್ತ್ರದಲ್ಲೇ ಇದ್ದೆ. ಮಗಳು ಬೇಡವೆಂದ ಹೆಸರನ್ನು ಊರೆಲ್ಲ ಕೂಗಿಕೊಂಡು ಹೋಗುತ್ತಿದ್ದೇನೆ, ಇನ್ನು ನನ್ನ ಕೆಲಸ ಖಂಡಿತ ಹೋಯಿತು ಎಂದು ಗೊತ್ತಿತ್ತು. ಆದರೂ ನಿಲ್ಲಲು ಆಗಲಿಲ್ಲ.

ಇಗರ್ಜಿ ತುಂಬಿತು. ಬಾಗಿಲಿನ ಹೊರಗೂ ಜನ ನಿಂತರು. ಪೂಜೆಯಾದ ಮೇಲೆ ಸಾಲಾಗಿ ಬಂದು ಅವಳ ಕೈ ಹಿಡಿದರು. ಅವಳು ಊರು ಬಿಟ್ಟು ಎಷ್ಟೋ ಕಾಲವಾಗಿದೆ, ಯಾರ ಗುರುತೂ ಹತ್ತುವುದಿಲ್ಲ. ಅದಕ್ಕೆ ಒಬ್ಬೊಬ್ಬರೂ ತಮ್ಮ ಮನೆಯ ಹೆಸರು ಹೇಳಿದರು. ನಾನು ಪಾತಾಲಾರ್ಗಾ ಮನೆಯವಳು. ನಾನು ರೂಬಿಯೊ. ನಾನು ಸಾಕ್ರಿಸ್ತಾನನ ಮೊಮ್ಮಗ. ಕೊನೆಯಲ್ಲಿ ಒಬ್ಬ ವಯಸ್ಸಾದ ಗಂಡಸು ಬಂದು, ತಾನು ಮೇಷ್ಟ್ರ ಮನೆಯವನು ಎಂದ. ಅವಳ ಕೈ ಬಹಳ ಹೊತ್ತು ಬಿಡಲಿಲ್ಲ.

ರೊಸಿಯೊ ನನ್ನ ಹತ್ತಿರ ಒಂದು ಮಾತೂ ಆಡಲಿಲ್ಲ. ಮಾರನೆಯ ದಿನ ಹೊರಟುಹೋದಳು. ನಾನು ಮಾಡಿದ್ದು ಸರಿಯೋ ತಪ್ಪೋ ಈಗಲೂ ಗೊತ್ತಿಲ್ಲ. ಕರಾರಿನ ಕಾಗದ ಡೈರೆಕ್ಟರ್ ಟೇಬಲ್ಲಿನ ಮೇಲೇ ಇದೆ. ಅವಳು ಅಲ್ಲಿ ಏನಾದರೂ ಹೇಳಿದರೆ, ಎಷ್ಟೇ ಕೆಟ್ಟದ್ದಿರಲಿ, ಇದ್ದ ಹಾಗೆ ಬರೆ.

ರೆನಿಟಾ


ಅಲ್ ಸದ್ದ್, ದೋಹಾ
21 ಫೆಬ್ರವರಿ 2025

ಪ್ರೀತಿಯ ರೆನಿಟಾ,

ಮೊದಲು ನಿನ್ನ ವಿಷಯ. ರೊಸಿಯೊ ವಿಮಾನ ಹತ್ತುವ ಮೊದಲೇ ಡೈರೆಕ್ಟರಿಗೆ ಬರೆದು ದೂರು ಹಿಂದೆ ತೆಗೆದುಕೊಂಡಿದ್ದಾಳೆ. ನಿನ್ನನ್ನು ಇಟ್ಟುಕೊಳ್ಳಬೇಕೆಂದೂ ಬರೆದಿದ್ದಾಳೆ. ಇವತ್ತು ಅವಳ ಬಾಯಿಂದಲೇ ಕೇಳಿದೆ. ನಿನ್ನ ಹತ್ತಿರ ಮಾತಾಡದೆ ಹೋದದ್ದು ಸಿಟ್ಟಿನಿಂದಲ್ಲ, ಬಾಯಿ ತೆರೆದರೆ ಬೀದಿಯಲ್ಲೇ ಅಳುತ್ತಿದ್ದೆ ಎಂದಳು.

ಅವಳ ಮನೆಗೆ ಹೋಗೋಣ ಎಂದು ಹಠ ಹಿಡಿದದ್ದು ಉಪ್ಪ. ಈ ತಿಂಗಳ ಕೊನೆಗೆ ಅವರ ವೀಸಾ ಮುಗಿಯುತ್ತದೆ, ರಂಝಾನಿಗೆ ಊರಿನಲ್ಲಿರಬೇಕು ಎಂದು ಪೆಟ್ಟಿಗೆ ಕಟ್ಟುತ್ತಿದ್ದರು. ರೊಸಿಯೊಳ ಅಪ್ಪ ಹೋದ ಸುದ್ದಿ ಹೇಳಿದೆ. "ಇಷ್ಟು ಹತ್ತಿರ ಇದ್ದುಕೊಂಡು ಸಾವಿನ ಮನೆಗೆ ಹೋಗದೆ ಇರುವುದುಂಟಾ?" ಎಂದರು. ಅವರಿಗೆ ಅವಳ ಭಾಷೆ ಬಾರದು, ಇಂಗ್ಲಿಷೂ ಬಾರದು. ಜುಮ್ಮಾ ಮುಗಿಸಿ, ಒಂದು ಪೊಟ್ಟಣ ಖರ್ಜೂರ ಹಿಡಿದು, ಇಬ್ಬರೂ ನಡೆದುಕೊಂಡೇ ಹೋದೆವು. ಅವಳ ಫ್ಲಾಟು ನಮ್ಮಿಂದ ನಾಲ್ಕು ಕಟ್ಟಡ ಆಚೆ.

ಉಪ್ಪ ಸೋಫಾದ ತುದಿಯಲ್ಲಿ ಕುಳಿತು ಕೈಯೆತ್ತಿ ದುವಾ ಮಾಡಿದರು. ರೊಸಿಯೊ ತಲೆ ತಗ್ಗಿಸಿ ಕುಳಿತಿದ್ದಳು. ಆಮೇಲೆ ಚಹಾ ತಂದಳು, ಇಗರ್ಜಿಯ ವಿಷಯ ಹೇಳಿದಳು. ಯಾರು ಯಾರು ಬಂದರು, ಯಾವ ಯಾವ ಮನೆಯವರು. ಹೇಳುತ್ತಾ ಹೇಳುತ್ತಾ ಅವಳ ದನಿ ಗಡುಸಾಯಿತು.

"ಅವರೆಲ್ಲ ಆ ಹೆಸರನ್ನು ಪ್ರೀತಿಯಿಂದಲೇ ಹೇಳಿದರು. ಮೇಷ್ಟ್ರ ಮನೆಯವನು ಸಹ. ಆದರೆ ನಾನು ಚಿಕ್ಕವಳಿದ್ದಾಗ ಹಾಗಿರಲಿಲ್ಲ ರೈಹಾನಾ. ಆಗ ಅದು ಬೈಗುಳವೇ. ಅಪ್ಪನಿಗೆ ಅದು ಕೇಳಿಸುತ್ತಿರಲಿಲ್ಲವಾ? ಯಾಕೆ ನಗುತ್ತಿದ್ದರು? ಇನ್ನು ಯಾರನ್ನು ಕೇಳಲಿ?"

ಎಲಾದಿಯೊ ನಿನಗೆ ಹೇಳಿದ್ದನ್ನು ನಾನು ಎತ್ತಲಿಲ್ಲ, ಅದು ನೀನೇ ಅವಳಿಗೆ ಹೇಳಬೇಕಾದದ್ದು. ಉಪ್ಪ ನನ್ನ ಕಡೆ ತಿರುಗಿ, "ಎಂತ ಹೇಳುತ್ತಾಳೆ?" ಎಂದರು. ಬ್ಯಾರಿಯಲ್ಲಿ ಹೇಳಿದೆ. ಅವಳ ಅಪ್ಪನ ಹೆಸರಿನ ಕಥೆ ಅವರಿಗೆ ಅದುವರೆಗೆ ಗೊತ್ತಿರಲಿಲ್ಲ. ಎಲ್ಲವನ್ನೂ ಹೇಳಬೇಕಾಯಿತು. ಮೇಷ್ಟ್ರು, ಬಾವಿಕಟ್ಟೆಯ ಮುದುಕಿ, ನಗು. ಉಪ್ಪ ಲೋಟ ಕೆಳಗಿಟ್ಟರು. ಅವರು ನಗಲಿಲ್ಲ.

"ಕೇಳಿಸದೆ ಎಂತ ಮಗಳೆ" ಎಂದರು. ನನಗೆ ಹೇಳಿದರೋ ಅವಳಿಗೆ ಹೇಳಿದರೋ ಗೊತ್ತಾಗಲಿಲ್ಲ. "ಎಲ್ಲ ಕೇಳಿಸುತ್ತದೆ. ಕೆಲವರು ಹೇಳುವಾಗ ಮೈ ಉರಿಯುತ್ತಿತ್ತು. ಹೊಡೆಯುವ ಎಂದು ಕೈ ಬರುತ್ತಿತ್ತು. ಆದರೆ ಸಂತೆಗೆ ಹೋಗುವಾಗ ನೀನು ನನ್ನ ಬೆರಳು ಹಿಡಿದುಕೊಂಡು ಬರುತ್ತಿದ್ದೆಯಲ್ಲ. ಅವರು ಕರೆದ ಕೂಡಲೇ ನೀನು ತಲೆ ಎತ್ತಿ ನನ್ನ ಮುಖ ನೋಡುವುದು. ನಾನು ಸಿಟ್ಟು ಮಾಡಿದರೆ ಅದು ಬೈಗುಳ ಎಂದು ನಿನಗೆ ಗೊತ್ತಾಗುತ್ತದೆ. ನಕ್ಕರೆ ಬರೀ ಹೆಸರು ಎಂದುಕೊಳ್ಳುತ್ತೀ. ಅದಕ್ಕೆ ನಗುವುದು. ಆಮೇಲೆ ಅದೇ ಅಭ್ಯಾಸ ಆಯಿತು. ಅವಳ ಅಪ್ಪನೂ ಮತ್ತೆ ಯಾಕೆ ನಕ್ಕಿರಬೇಕು? ಚಿಕ್ಕ ಹೆಣ್ಣುಮಗು ಅಳುತ್ತಾ ಮನೆಗೆ ಬಂದಿದೆ ಎನ್ನುವಾಗ."

ರೊಸಿಯೊ ನನ್ನ ಬಾಯಿಯನ್ನೇ ನೋಡುತ್ತಾ ಕಾಯುತ್ತಿದ್ದಳು.

ನಾನು ಇಂಗ್ಲಿಷಿನಲ್ಲಿ ಶುರು ಮಾಡಿದೆ. ಕೇಳಿಸುತ್ತಿತ್ತು ಎನ್ನುತ್ತಾರೆ ಎಂದೆ. ಮೈ ಉರಿಯುತ್ತಿತ್ತು ಎಂದೆ. ಅಲ್ಲಿಗೆ ನಿಂತೆ. ಆಫೀಸಿನಲ್ಲಿ ಇಡೀ ದಿನ ಮಾತಾಡುವ ಭಾಷೆ, ಒಂದು ಶಬ್ದ ಹೊರಡಲಿಲ್ಲ. ಉಪ್ಪ ನನ್ನ ಮೊಣಕೈ ಮುಟ್ಟಿ, "ಹೇಳು. ಅವಳಿಗೆ ಹೇಳು" ಎಂದರು.

ಹೇಳಿದೆ. ಮುರಿದು ಮುರಿದು ಹೇಳಿದೆ, ವ್ಯಾಕರಣ ಎಲ್ಲಿ ಹೋಯಿತೋ. ರೊಸಿಯೊ ಅಳಲಿಲ್ಲ. ಇನ್ನೊಮ್ಮೆ ಹೇಳು, ನಿಧಾನವಾಗಿ ಹೇಳು ಎಂದಳು. ಇನ್ನೊಮ್ಮೆ ಹೇಳಿದೆ. ಆಗ ಅವಳು ತನ್ನ ಕುರ್ಚಿಯಿಂದ ಎದ್ದು ಬಂದು, ಉಪ್ಪನ ಪಕ್ಕ ಸೋಫಾದಲ್ಲಿ ಕುಳಿತಳು. ಇನ್ನೊಂದು ಪಕ್ಕದಲ್ಲಿ ನಾನಿದ್ದೆ. ಉಪ್ಪ ಖರ್ಜೂರದ ಪೊಟ್ಟಣ ಬಿಚ್ಚಿ ಮೊದಲು ಅವಳಿಗೆ ಕೊಟ್ಟರು, ಆಮೇಲೆ ನನಗೆ.

ನಿನ್ನ,
ರೈಹಾನಾ